ಕೆಲಸ ಹೋದಾಗ ಕಾರು ವಿಮೆ ಏಕೆ ಏರುತ್ತದೆ?

ಬ್ರಿಟನ್ನಿನ ವಿಮಾ ಕಂಪನಿಗಳ ಸಂಘ ಎಬಿಐ ಕೊಟ್ಟಿರುವ ಲೆಕ್ಕ ನೋಡಿ. 2022ರಲ್ಲಿ ಅಲ್ಲಿ ಕಾರು ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 434 ಪೌಂಡ್ ಇತ್ತು. 2023ರಲ್ಲಿ ಅದು 543 ಪೌಂಡ್ ಆಯಿತು, 2024ರಲ್ಲಿ 622 ಪೌಂಡ್. ಜನ ರೋಸಿಹೋದರು. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಇದನ್ನು ನೋಡಲೆಂದೇ ಒಂದು ಕಾರ್ಯಪಡೆ ರಚಿಸಿತು. 2025ರಲ್ಲಿ ದರ ಸ್ವಲ್ಪ ಇಳಿದರೂ ಚರ್ಚೆ ನಿಂತಿಲ್ಲ.

ಈ ಏರಿಕೆಗೆ ದೊಡ್ಡ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವೇ: ರಿಪೇರಿ ಖರ್ಚು, ಬಿಡಿಭಾಗಗಳ ಬೆಲೆ, ಕಾರು ಕಳ್ಳತನ. ಓದುಗರನ್ನು ಗೊಂದಲಕ್ಕೆ ದೂಡಿದ್ದು ಬೇರೆಯದೇ ಸುದ್ದಿ. ಅದೇ ಕಾರು, ಅದೇ ಚಾಲಕ, ಅದೇ ಮನೆ. ಆನ್‌ಲೈನ್ ಫಾರಂನಲ್ಲಿ ಉದ್ಯೋಗದ ಕಾಲಂ ಒಂದನ್ನು ಮಾತ್ರ ಬದಲಾಯಿಸಿದರೂ ದರ ಬದಲಾಗುತ್ತದೆ. ಅದರಲ್ಲೂ ‘ನಿರುದ್ಯೋಗಿ’ ಅಂತ ಆರಿಸಿದರೆ ಬಹಳ ಸಲ ದರ ಮೇಲಕ್ಕೇ ಹೋಗುತ್ತದೆ. ಕೆಲಸ ಇಲ್ಲದವರು ಬೆಳಿಗ್ಗೆ, ಸಂಜೆಯ ಟ್ರಾಫಿಕ್ಕಿನಲ್ಲಿ ಆಫೀಸಿಗೆ ಓಡುವುದಿಲ್ಲ. ಕಾರು ಹೊರಗೆ ತೆಗೆಯುವುದೇ ಕಡಿಮೆ ಇರಬೇಕು. ಹಾಗಿದ್ದರೆ ಜಾಸ್ತಿ ಕಟ್ಟಬೇಕಾದದ್ದು ಏಕೆ?

ಅಲ್ಲಿರುವ ಕನ್ನಡಿಗರಿಗೂ ಇದು ದೂರದ ಮಾತಲ್ಲ. ಐಟಿ ಕೆಲಸಕ್ಕೆಂದು, ಆಸ್ಪತ್ರೆ ಕೆಲಸಕ್ಕೆಂದು, ಓದಲೆಂದು ಹೋದವರು ಬಹಳ ಮಂದಿ ಇದ್ದಾರೆ. ಗಂಡ ಅಥವಾ ಹೆಂಡತಿಯ ವೀಸಾದ ಮೇಲೆ ಹೋಗಿ, ಇನ್ನೂ ಕೆಲಸ ಹುಡುಕುತ್ತಿರುವವರೂ ಇದ್ದಾರೆ. ಕೆಲಸ ಕಳೆದುಕೊಂಡವರೂ ಇದ್ದಾರೆ. ಇವರೆಲ್ಲ ಆ ಕಾಲಂ ತುಂಬಲೇಬೇಕು.

ಎರಡು ಬೇರೆ ಪ್ರಶ್ನೆಗಳು

ಮೊದಲು ಒಂದು ವ್ಯತ್ಯಾಸ ಗಮನಿಸಬೇಕು. ಇದನ್ನು ಬಿಟ್ಟರೆ ಇಡೀ ಚರ್ಚೆ ಕಲಸುಮೇಲೋಗರ ಆಗುತ್ತದೆ.

ಬ್ರಿಟನ್ನಿನ ಫಾರಂಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿರುತ್ತವೆ. ಒಂದು, ನೀವು ಯಾವ ಸ್ಥಿತಿಯಲ್ಲಿದ್ದೀರಿ ಎಂಬುದು: ಸಂಬಳದ ಕೆಲಸವೋ, ಸ್ವಂತ ಉದ್ಯೋಗವೋ, ನಿವೃತ್ತರೋ, ವಿದ್ಯಾರ್ಥಿಯೋ, ಮನೆ ನೋಡಿಕೊಳ್ಳುವವರೋ, ನಿರುದ್ಯೋಗಿಯೋ. ಎರಡನೆಯದು, ಕೆಲಸವಿದ್ದರೆ ಅದು ಯಾವುದು ಎಂಬುದು: ಅಕೌಂಟೆಂಟ್, ಬಾಣಸಿಗ, ನರ್ಸ್, ಪತ್ರಕರ್ತ ಇತ್ಯಾದಿ.

ಕಂಪನಿಗಳು ಎರಡನ್ನೂ ಒಂದೇ ಲೆಕ್ಕದೊಳಗೆ ಹಾಕುತ್ತವೆ. ಆದರೆ ಎರಡಕ್ಕೂ ಇರುವ ಸಮರ್ಥನೆ ಒಂದೇ ತೂಕದ್ದಲ್ಲ. ಕೆಲಸದ ಬಗೆಗೂ ಕಾರು ಓಡಿಸುವ ರೀತಿಗೂ ಕೆಲವು ಕಡೆ ನೇರ ಸಂಬಂಧ ತೋರಿಸಬಹುದು. ಕೆಲಸ ಇದೆಯೋ ಇಲ್ಲವೋ ಎಂಬುದಕ್ಕೂ ಓಡಿಸುವ ರೀತಿಗೂ ಅಂಥ ನೇರ ಸಂಬಂಧ ತೋರಿಸುವುದು ಬಹಳ ಕಷ್ಟ.

ಇದು ಹೊಸ ಪದ್ಧತಿಯಲ್ಲ

ಕಂಪ್ಯೂಟರ್ ಬಂದ ಮೇಲೆ ಕಂಪನಿಗಳು ಹೀಗೆ ಶುರುಮಾಡಿದವು ಅಂತ ಅಂದುಕೊಳ್ಳುವುದು ಸುಲಭ. ಆದರೆ ಈ ವ್ಯಾಪಾರದ ಬೇರೇ ಉದ್ಯೋಗದಲ್ಲಿದೆ.

ಅಮೆರಿಕದ ಯುಎಸ್‌ಎಎ 1922ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಹುಟ್ಟಿತು. 25 ಸೇನಾ ಅಧಿಕಾರಿಗಳು ಸೇರಿ, ಒಬ್ಬರ ಕಾರಿಗೆ ಇನ್ನೊಬ್ಬರು ವಿಮೆ ಕೊಡುವ ಏರ್ಪಾಡು ಮಾಡಿಕೊಂಡರು. ಅದೇ ವರ್ಷ ಇಲಿನಾಯ್‌ನಲ್ಲಿ ಸ್ಟೇಟ್ ಫಾರ್ಮ್ ಶುರುವಾದದ್ದು ರೈತರ ಕಾರುಗಳಿಗಾಗಿ. ಹಳ್ಳಿಯ ರೈತರಿಗೆ ಅಪಘಾತ ಕಡಿಮೆ, ಅವರು ನಗರದವರ ಲೆಕ್ಕದಲ್ಲಿ ಹಣ ಕಟ್ಟುವುದೇಕೆ ಎಂಬುದು ಅದರ ಹಿಂದಿನ ಯೋಚನೆ. 1936ರಲ್ಲಿ ಬಂದ ಗೈಕೊ ಕಂಪನಿಯ ಪೂರ್ತಿ ಹೆಸರಿನಲ್ಲೇ ‘ಸರ್ಕಾರಿ ನೌಕರರ ವಿಮಾ ಕಂಪನಿ’ ಎಂದಿದೆ. ಬ್ರಿಟನ್ನಿನ ಎನ್‌ಎಫ್‌ಯು ಮ್ಯೂಚುಯಲ್ ಕೂಡ 1910ರಲ್ಲಿ ಏಳು ರೈತರಿಂದ ಶುರುವಾದದ್ದು.

ಇವೆಲ್ಲದರ ತರ್ಕ ಒಂದೇ. ನಮ್ಮ ಗುಂಪಿನವರು ಎಚ್ಚರಿಕೆಯವರು, ಆದ್ದರಿಂದ ನಮಗೆ ಕಡಿಮೆ ದರ ಸಾಕು. ಗುಂಪಿನ ಒಳಗಿರುವವರಿಗೆ ಇದು ನ್ಯಾಯವಾಗಿಯೇ ಕಂಡಿತು. ಆದರೆ ಒಂದು ಗುಂಪು ಎದ್ದು ಹೊರಗೆ ಹೋದಾಗ ಉಳಿದವರ ಸರಾಸರಿ ಮೇಲೆ ಹೋಗುತ್ತದೆ. ರಿಯಾಯಿತಿ ಕೊಡುವ ಪ್ರತಿ ಲೆಕ್ಕಕ್ಕೂ ಇನ್ನೊಂದು ಮಗ್ಗುಲಿದೆ. ಯಾರಿಗೋ ಇಳಿದದ್ದನ್ನು ಇನ್ಯಾರೋ ತುಂಬುತ್ತಾರೆ.

ದರ ಹೇಗೆ ಕಟ್ಟುತ್ತಾರೆ

ವಿಮಾ ಗಣಿತಜ್ಞರು ಲಕ್ಷಾಂತರ ಹಳೆಯ ಪಾಲಿಸಿಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ಯಾರು ಕ್ಲೇಮ್ ಮಾಡಿದರು, ಎಷ್ಟು ಸಲ, ಎಷ್ಟು ಹಣಕ್ಕೆ ಎಂದು ನೋಡುತ್ತಾರೆ. ಆಮೇಲೆ ವಯಸ್ಸು, ಊರು, ಕಾರಿನ ಬಗೆ, ಲೈಸನ್ಸ್ ಸಿಕ್ಕಿ ಎಷ್ಟು ವರ್ಷ, ಹಿಂದಿನ ಅಪಘಾತ, ಉದ್ಯೋಗ ಹೀಗೆ ಒಂದೊಂದು ಅಂಶಕ್ಕೂ ಒಂದೊಂದು ಗುಣಕ ಕಟ್ಟುತ್ತಾರೆ. ಮೂಲ ದರವನ್ನು ಈ ಗುಣಕಗಳಿಂದ ಒಂದರ ಮೇಲೊಂದು ಗುಣಿಸುತ್ತಾ ಹೋಗುತ್ತಾರೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಉಳಿದ ಎಲ್ಲ ಅಂಶ ಸೇರಿ ನಿಮ್ಮ ದರ 600 ಪೌಂಡ್ ಎಂದಿಟ್ಟುಕೊಳ್ಳಿ. ನಿಮ್ಮ ಉದ್ಯೋಗದ ಗುಣಕ 1 ಆಗಿದ್ದರೆ ದರ 600ರಲ್ಲೇ ನಿಲ್ಲುತ್ತದೆ. ಅದು 1.15 ಆದರೆ 690. ಈಗ ಇನ್ನೊಬ್ಬರನ್ನು ನೋಡಿ. ಅವರಿಗೆ 22 ವರ್ಷ, ನಗರದ ಮಧ್ಯೆ ಮನೆ, ದರ ಆಗಲೇ 2000 ಪೌಂಡ್. ಅದೇ 1.15 ಅವರಿಗೆ 300 ಪೌಂಡ್ ಹೊರೆ ಹಾಕುತ್ತದೆ. ಗುಣಾಕಾರದ ಪರಿಣಾಮ ಇದು. ಉದ್ಯೋಗದ ಗುಣಕ ಸಣ್ಣದಾಗಿ ಕಂಡರೂ, ಮೊದಲೇ ಜಾಸ್ತಿ ಕಟ್ಟುವವರ ಮೇಲೆ ಅದು ಜಾಸ್ತಿ ಬೀಳುತ್ತದೆ. ಯುವಕರು, ಹೊಸದಾಗಿ ದೇಶಕ್ಕೆ ಬಂದವರು, ಬಡ ಬಡಾವಣೆಯವರು ಇದರಲ್ಲಿ ಮುಂದೆ ಬರುತ್ತಾರೆ.

ಕೆಲಸದ ಬಗೆಗೆ ಕಂಪನಿಗಳು ಕೊಡುವ ಕಾರಣಗಳಲ್ಲಿ ಕೆಲವು ಅರ್ಥವಾಗುವಂಥವು. ಹೋಟೆಲ್, ಬಾರ್ ಕೆಲಸದವರು ಮಧ್ಯರಾತ್ರಿ ದಣಿದು ಮನೆಗೆ ಹೋಗುತ್ತಾರೆ. ರಾತ್ರಿ ಹೊತ್ತಿನ ಅಪಘಾತಗಳು ಹೆಚ್ಚು ಗಂಭೀರ. ವೃತ್ತಿಪರ ಫುಟ್‌ಬಾಲ್ ಆಟಗಾರನ ದರ ಏರಲು ಕಾರಣ ಅವನ ಚಾಲನೆಯಷ್ಟೇ ಅಲ್ಲ. ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಆಟಗಾರ ಕೂತಿರಬಹುದು. ಅವನಿಗೆ ಪೆಟ್ಟಾದರೆ, ಕಳೆದುಹೋದ ಗಳಿಕೆಯ ಪರಿಹಾರವೇ ಭಾರಿ ಮೊತ್ತ ಆಗುತ್ತದೆ. ಬ್ರಿಟನ್ನಿನಲ್ಲಿ ಗಾಯದ ಪರಿಹಾರಕ್ಕೆ ಕಾನೂನಿನ ಮಿತಿ ಇಲ್ಲದ್ದರಿಂದ ಈ ಭಯ ಸುಮ್ನೆ ಹುಟ್ಟಿದ್ದಲ್ಲ.

ನಿರುದ್ಯೋಗಕ್ಕೆ ಕೊಡುವ ಕಾರಣಗಳು

ಕೆಲಸ ಇಲ್ಲದವರ ವಿಷಯಕ್ಕೆ ಬಂದಾಗ ವಾದ ಬೇರೆ ದಾರಿ ಹಿಡಿಯುತ್ತದೆ.

ಕಂಪನಿಗಳ ಕಡೆಯವರು ಹೇಳುವುದು ಇಷ್ಟು. ನಮ್ಮ ದಾಖಲೆಯಲ್ಲಿ ಈ ಗುಂಪಿನಿಂದ ಕ್ಲೇಮ್ ಜಾಸ್ತಿ. ಹಗಲಿಡೀ ಕಾರು ಎಲ್ಲಿ, ಯಾವಾಗ ಓಡುತ್ತದೆ ಎಂದು ಊಹಿಸಲಾಗದು. ಕೈಯಲ್ಲಿ ಹಣವಿಲ್ಲದವರು ಟೈರು, ಬ್ರೇಕ್ ಬದಲಿಸುವುದನ್ನು ಮುಂದೂಡುತ್ತಾರೆ. ಹಣವಿದ್ದವರು ಸಣ್ಣ ಗೀರುಗಳನ್ನು ಸ್ವಂತ ಖರ್ಚಿನಲ್ಲಿ ಸರಿಮಾಡಿಸಿಕೊಳ್ಳುತ್ತಾರೆ, ಇಲ್ಲದವರು ಕ್ಲೇಮ್ ಮಾಡುತ್ತಾರೆ. ಕಂತು ತಪ್ಪುವ, ಪಾಲಿಸಿ ಅರ್ಧಕ್ಕೇ ನಿಲ್ಲುವ ಸಾಧ್ಯತೆಯೂ ಜಾಸ್ತಿ.

ಈ ಕಾರಣಗಳನ್ನು ಇನ್ನೊಮ್ಮೆ ಓದಿ ನೋಡಿ. ಇವುಗಳಲ್ಲಿ ಹೆಚ್ಚಿನವು ಸ್ಟೀರಿಂಗ್ ಹಿಡಿಯುವುದಕ್ಕೆ ಸಂಬಂಧಿಸಿದ್ದಲ್ಲ. ಜೇಬಿಗೆ ಸಂಬಂಧಿಸಿದ್ದು. ಸಣ್ಣ ಗೀರಿಗೂ ಕ್ಲೇಮ್ ಮಾಡುವುದು ಕೆಟ್ಟ ಚಾಲನೆ ಅಲ್ಲ. ಅದು ಹಣ ಕಟ್ಟಿ ಪಡೆದ ಹಕ್ಕು. ಲೆಕ್ಕದಲ್ಲಿ ಕ್ಲೇಮ್ ಜಾಸ್ತಿ ಕಾಣುವುದು ನಿಜವೇ ಇರಬಹುದು. ಆದರೆ ಆ ಲೆಕ್ಕ ಅಳೆಯುತ್ತಿರುವುದು ಬಡತನವನ್ನೋ ಚಾಲನೆಯನ್ನೋ ಎಂಬ ಪ್ರಶ್ನೆಗೆ ಗುಣಕ ಉತ್ತರ ಕೊಡುವುದಿಲ್ಲ.

ಇನ್ನೊಂದು ತೊಡಕಿದೆ. ಅದು ಕಾಲದ್ದು. ವಯಸ್ಸು ಮೆಲ್ಲಗೆ ಬದಲಾಗುತ್ತದೆ. ಮನೆಯ ವಿಳಾಸವೂ ದಿನಕ್ಕೊಮ್ಮೆ ಬದಲಾಗುವುದಿಲ್ಲ. ಕೆಲಸ ಮಾತ್ರ ಒಂದು ಶುಕ್ರವಾರ ಹೋಗಬಹುದು, ಮೂರು ತಿಂಗಳಲ್ಲಿ ಇನ್ನೊಂದು ಸಿಗಬಹುದು. ಹತ್ತು ವರ್ಷ ಒಂದೂ ಅಪಘಾತ ಮಾಡದ ಚಾಲಕ ಆ ಶುಕ್ರವಾರ ಸಂಜೆ ಕೆಟ್ಟ ಚಾಲಕ ಆಗುವುದಿಲ್ಲ. ಆದರೂ ಅವನ ಪಾಲಿಸಿ ಆ ತಿಂಗಳು ನವೀಕರಣಕ್ಕೆ ಬಂದರೆ, ಇಡೀ ವರ್ಷದ ದರ ಅವನ ಬದುಕಿನ ಅತ್ಯಂತ ಇಕ್ಕಟ್ಟಿನ ದಿನದ ಮೇಲೆ ನಿಂತುಬಿಡುತ್ತದೆ. ಹೊಸ ಕೆಲಸದ ಸಂದರ್ಶನಕ್ಕೆ ಹೋಗಲು ಕಾರು ಬೇಕಾದದ್ದೂ ಆಗಲೇ.

ಇದರ ಮೇಲೆ ಬಡ್ಡಿ. ವರ್ಷದ ಹಣವನ್ನು ಒಟ್ಟಿಗೆ ಕಟ್ಟಲಾಗದವರು ತಿಂಗಳ ಕಂತು ಆರಿಸುತ್ತಾರೆ. ಬ್ರಿಟನ್ನಿನಲ್ಲಿ ಈ ಕಂತು ಎಂದರೆ ಬಹಳ ಸಲ ಸಾಲವೇ, ಅದಕ್ಕೆ ಬಡ್ಡಿ ಉಂಟು. ಹಣಕಾಸು ನಿಯಂತ್ರಕ ಎಫ್‌ಸಿಎ 2024ರ ಅಕ್ಟೋಬರ್‌ನಲ್ಲಿ ಈ ಕಂತಿನ ವ್ಯವಸ್ಥೆಯ ಬಗ್ಗೆ ಪರಿಶೀಲನೆ ಶುರುಮಾಡಿತು. ಕೆಲಸ ಇಲ್ಲದವರಿಗೆ ಇದು ಎರಡು ಏಟು: ಮೊದಲು ದರ ಏರುತ್ತದೆ, ಆಮೇಲೆ ಏರಿದ ದರದ ಮೇಲೆ ಬಡ್ಡಿ ಬೀಳುತ್ತದೆ.

ನಿವೃತ್ತರೂ ಕೆಲಸಕ್ಕೆ ಹೋಗುವುದಿಲ್ಲ, ಮನೆ ನೋಡಿಕೊಳ್ಳುವವರೂ ಹೋಗುವುದಿಲ್ಲ. ಅವರಿಗೆ ಸಾಮಾನ್ಯವಾಗಿ ದರ ಕಡಿಮೆ. ಅಂದರೆ ಕಚೇರಿಗೆ ಹೋಗದಿರುವುದು ಇಲ್ಲಿ ಸಮಸ್ಯೆಯೇ ಅಲ್ಲ, ಅಲ್ವಾ? ಒಂದೇ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾ ಕೆಲಸವನ್ನೂ ಹುಡುಕುತ್ತಿರುವ ಹೆಣ್ಣುಮಗಳು ಯಾವ ಹೆಸರಿನಡಿ ಬರುತ್ತಾಳೆ ಎಂಬುದರ ಮೇಲೆ ಅವಳ ದರ ನಿಂತಿದೆ. ಅವಳ ಕಾರು, ರಸ್ತೆ, ಅಭ್ಯಾಸ ಎರಡೂ ಹೆಸರಿನಡಿ ಒಂದೇ.

ಬ್ರಿಟನ್ನಿನ ಕಾನೂನು ಎಲ್ಲಿ ನಿಲ್ಲುತ್ತದೆ

ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಒಂಬತ್ತು ಗುಣಗಳಿಗೆ ರಕ್ಷಣೆ ಕೊಡುತ್ತದೆ. ಜನಾಂಗ, ಧರ್ಮ, ಲಿಂಗ, ಅಂಗವೈಕಲ್ಯ, ವಯಸ್ಸು ಮುಂತಾದವು ಅದರಲ್ಲಿವೆ. ಉದ್ಯೋಗ ಇಲ್ಲ. ನಿರುದ್ಯೋಗವೂ ಇಲ್ಲ. ಆದ್ದರಿಂದ ಕೆಲಸ ಇಲ್ಲದವರಿಗೆ ಜಾಸ್ತಿ ದರ ಹಾಕುವುದು ಅಲ್ಲಿ ಕಾನೂನುಬದ್ಧ. ಎಫ್‌ಸಿಎ 2023ರ ಜುಲೈನಲ್ಲಿ ಜಾರಿಗೆ ತಂದ ‘ಗ್ರಾಹಕ ಕರ್ತವ್ಯ’ ನಿಯಮ, ಗ್ರಾಹಕ ಕಟ್ಟಿದ ಹಣಕ್ಕೆ ತಕ್ಕ ಮೌಲ್ಯ ಸಿಗಬೇಕು ಎನ್ನುತ್ತದೆ. ಆದರೆ ಯಾವ ಅಂಶ ಬಳಸಬಹುದು, ಯಾವುದು ಕೂಡದು ಎಂಬ ಪಟ್ಟಿ ಅದರಲ್ಲಿಲ್ಲ.

ಹಾಗಿದ್ದರೆ ಉದ್ಯೋಗದ ಕಾಲಂ ತೆಗೆದುಹಾಕಿದರೆ ಎಲ್ಲ ಸರಿಹೋಗುತ್ತದೆಯೇ? ಇದಕ್ಕೆ ಉತ್ತರ ಹೇಳುವ ಮೊದಲು ಬ್ರಿಟನ್ನಿನಲ್ಲೇ ನಡೆದ ಒಂದು ಬದಲಾವಣೆಯನ್ನು ನೋಡಬೇಕು.

2011ರ ಮಾರ್ಚ್ 1ರಂದು, ಬ್ರಿಟನ್ ಆಗ ಸೇರಿದ್ದ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಬೆಲ್ಜಿಯಂನ ಟೆಸ್ಟ್ ಅಶಾ ಎಂಬ ಗ್ರಾಹಕರ ಸಂಘದ ಮೊಕದ್ದಮೆ ಅದು. ವಿಮೆಯಲ್ಲಿ ಗಂಡಿಗೊಂದು ಹೆಣ್ಣಿಗೊಂದು ದರ ಇಡುವಂತಿಲ್ಲ ಎಂದು ತೀರ್ಪಾಯಿತು. 2012ರ ಡಿಸೆಂಬರ್ 21ರಿಂದ ಅದು ಜಾರಿಗೆ ಬಂತು. ಅಲ್ಲಿಯವರೆಗೆ ಯುವತಿಯರಿಗೆ ಯುವಕರಿಗಿಂತ ದರ ಕಡಿಮೆ ಇತ್ತು. ಯುವಕರ ಅಪಘಾತಗಳು ಜಾಸ್ತಿ ಎಂಬುದೇ ಕಾರಣ. ತೀರ್ಪಿನ ಮೇಲೆ ಲಿಂಗದ ಗುಣಕ ಹೋಯಿತು.

ಆಮೇಲೆ ಏನಾಯಿತು ಎಂದು ನ್ಯೂಕಾಸಲ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಹುಡುಕಿ ನೋಡಿತು. ಯುವ ಚಾಲಕರಲ್ಲಿ, ಗಂಡಸರೇ ತುಂಬಿರುವ ಕೆಲಸಗಳಿಗೆ ದರ ಏರಿತ್ತು. ಹೆಂಗಸರೇ ಹೆಚ್ಚಿರುವ ಕೆಲಸಗಳಿಗೆ ಹೋಲಿಸಿದರೆ ಅಂತರ ಹಿಗ್ಗಿತ್ತು. ಕಂಪನಿಗಳಿಗೆ ‘ನೀನು ಗಂಡೋ ಹೆಣ್ಣೋ’ ಎಂದು ಲೆಕ್ಕಕ್ಕೆ ಹಿಡಿಯಲು ಬಿಡಲಿಲ್ಲ. ‘ನೀನು ಪ್ಲಂಬರೋ ದಂತ ನರ್ಸೋ’ ಎಂದು ಹಿಡಿಯಲು ಬಿಟ್ಟರು. ಅಷ್ಟು ಸಾಕಾಯಿತು. ಅಣೆಕಟ್ಟಿನ ಒಂದು ತೂಬು ಮುಚ್ಚಿದರೆ ನೀರು ಪಕ್ಕದ ತೂಬಿನಿಂದ ನುಗ್ಗುವ ಹಾಗೆ, ಲಿಂಗದ ಗುಣಕ ಉದ್ಯೋಗದ ಗುಣಕದೊಳಗೆ ಸೇರಿಕೊಂಡಿತು.

ಜನಾಂಗದ ವಿಷಯದಲ್ಲೂ ಇಂಥದ್ದೇ ಆತಂಕ ಇದೆ. ಬ್ರಿಟನ್ನಿನ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ 2022ರಲ್ಲಿ ಒಂದು ವರದಿ ಕೊಟ್ಟಿತು. ಬಿಳಿಯರಲ್ಲದವರು ಕಾರು ವಿಮೆಗೆ ಸರಾಸರಿ 250 ಪೌಂಡ್ ಜಾಸ್ತಿ ಕಟ್ಟುತ್ತಿದ್ದಾರೆ ಎಂದು ಅದು ಹೇಳಿತು. ಜನಾಂಗವನ್ನು ಕೇಳುವುದಿಲ್ಲ ಎಂದು ಕಂಪನಿಗಳು ಹೇಳುತ್ತವೆ, ಅದು ನಿಜವೂ ಹೌದು. ಆದರೆ ಪಿನ್‌ಕೋಡ್, ಉದ್ಯೋಗದಂಥ ಅಂಶಗಳು ಸೇರಿಕೊಂಡಾಗ, ಕೇಳದೆಯೇ ಅದೇ ಫಲ ಬರಬಹುದು.

ಅಮೆರಿಕ: ಒಂದೊಂದು ರಾಜ್ಯಕ್ಕೆ ಒಂದೊಂದು ನ್ಯಾಯ

ಅಮೆರಿಕದಲ್ಲಿ 1945ರ ಮೆಕ್‌ಕ್ಯಾರನ್–ಫರ್ಗುಸನ್ ಕಾಯ್ದೆಯಿಂದಾಗಿ ವಿಮೆಯ ನಿಯಂತ್ರಣ ರಾಜ್ಯಗಳ ಕೈಯಲ್ಲಿದೆ. ಹಾಗಾಗಿ ಒಂದೇ ಪ್ರಶ್ನೆಗೆ ಅಲ್ಲಿ ಹಲವು ಉತ್ತರಗಳು ಸಿಗುತ್ತವೆ. ನಾವು ಕಲಿಯಲು ಬೇಕಾದಷ್ಟು ಸರಕು ಅಲ್ಲಿದೆ.

ಮ್ಯಾಸಚೂಸೆಟ್ಸ್ ರಾಜ್ಯ ಉದ್ಯೋಗ, ಆದಾಯ, ಓದು, ಸ್ವಂತ ಮನೆ ಇವು ಯಾವುದನ್ನೂ ಕಾರು ವಿಮೆಯ ದರಕ್ಕೆ ಬಳಸಲು ಬಿಡುವುದಿಲ್ಲ. ಮಿಷಿಗನ್ 2019ರಲ್ಲಿ ಕಾನೂನು ಬದಲಿಸಿ, 2020ರ ಜುಲೈನಿಂದ ಉದ್ಯೋಗ, ಓದು, ಲಿಂಗ, ಮದುವೆ ಮುಂತಾದ ಅಂಶಗಳನ್ನು ನಿಷೇಧಿಸಿತು. ನ್ಯೂಯಾರ್ಕ್ 2017ರ ಕೊನೆಯಲ್ಲಿ ಬೇರೆ ಬಗೆಯ ನಿಯಮ ತಂದಿತು. ಅಲ್ಲಿ ಸಾರಾಸಗಟು ನಿಷೇಧ ಇಲ್ಲ. ಓದು, ಉದ್ಯೋಗ ನೋಡಿ ಗ್ರಾಹಕರನ್ನು ದರದ ಶ್ರೇಣಿಗೆ ಹಾಕಬೇಕೆಂದರೆ, ಅದು ಅನ್ಯಾಯದ ತಾರತಮ್ಯ ಅಲ್ಲ ಎಂದು ಕಂಪನಿಯೇ ನಿಯಂತ್ರಕರ ಮುಂದೆ ಸಾಬೀತು ಮಾಡಬೇಕು. ಸಾಬೀತು ಮಾಡುವ ಹೊಣೆ ಗ್ರಾಹಕನಿಂದ ಕಂಪನಿಗೆ ದಾಟಿತು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದೇ. ಲೆಕ್ಕದ ಎಲ್ಲ ಮಾಹಿತಿ ಕಂಪನಿಯ ಬಳಿ ಇದೆ. ಗ್ರಾಹಕನ ಬಳಿ ಇರುವುದು ಕೊನೆಯ ಅಂಕಿ ಮಾತ್ರ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ತಿರುವಿನದು. 1988ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಪ್ರೊಪೊಸಿಷನ್ 103 ಎಂಬ ಪ್ರಸ್ತಾವವನ್ನು ಗೆಲ್ಲಿಸಿದರು. ಅದರ ಪ್ರಕಾರ ಕಾರು ವಿಮೆಯ ದರಕ್ಕೆ ಮೂರು ಅಂಶಗಳು ಮುಖ್ಯ, ಅದೂ ಇದೇ ಕ್ರಮದಲ್ಲಿ: ಮೊದಲು ಚಾಲನೆಯ ದಾಖಲೆ, ಆಮೇಲೆ ವರ್ಷಕ್ಕೆ ಓಡಿಸುವ ಮೈಲು, ಆಮೇಲೆ ಚಾಲನೆಯ ಅನುಭವ. ಉಳಿದ ಅಂಶಗಳಿಗೆ ನಿಯಂತ್ರಕರ ಒಪ್ಪಿಗೆ ಬೇಕು. ಉದ್ಯೋಗ ಆ ಪಟ್ಟಿಯಲ್ಲಿಲ್ಲ. ಆದರೂ ಉದ್ಯೋಗ ಹಿತ್ತಲ ಬಾಗಿಲಿನಿಂದ ಬಂತು. ಕಾನೂನು ಗುಂಪು ವಿಮೆಗೆ ಅವಕಾಶ ಕೊಟ್ಟಿದೆ. ಆ ಆಧಾರದ ಮೇಲೆ ಕಂಪನಿಗಳು ಎಂಜಿನಿಯರು, ವಿಜ್ಞಾನಿ, ಶಿಕ್ಷಕ, ವೈದ್ಯ ಮುಂತಾದ ಗುಂಪುಗಳಿಗೆ ರಿಯಾಯಿತಿ ಕೊಡುತ್ತಾ ಬಂದವು. ಸಿಲಿಕಾನ್ ವ್ಯಾಲಿಯ ಸಾಫ್ಟ್‌ವೇರ್ ಎಂಜಿನಿಯರಿಗೆ, ಅಂದರೆ ಅಲ್ಲಿರುವ ಬಹಳ ಕನ್ನಡಿಗರಿಗೂ, ಈ ರಿಯಾಯಿತಿ ಸಿಗುತ್ತದೆ. ಅವರ ಆಫೀಸು ಗುಡಿಸುವವರಿಗೆ ಸಿಗುವುದಿಲ್ಲ. ವಿಮಾ ಆಯುಕ್ತ ರಿಕಾರ್ಡೊ ಲಾರಾ 2019ರಲ್ಲಿ ಇದನ್ನು ಸರಿಪಡಿಸುವ ನಿಯಮಗಳನ್ನು ಮುಂದಿಟ್ಟರು. ಕಡಿಮೆ ಆದಾಯದ ಬಡಾವಣೆಗಳಿಗೆ ಈ ರಿಯಾಯಿತಿ ಸರಿಯಾಗಿ ತಲುಪುತ್ತಿಲ್ಲ ಎಂಬುದು ಇಲಾಖೆಯ ಆಕ್ಷೇಪ.

ಹೆಚ್ಚಿನ ರಾಜ್ಯಗಳಲ್ಲಿ ಉದ್ಯೋಗವನ್ನು ಇಂದೂ ಬಳಸಬಹುದು. ಒಂದೇ ಪ್ರಶ್ನೆಯನ್ನು ನೋಡಿದ ಎರಡು ರಾಜ್ಯಗಳು ಎರಡು ದಿಕ್ಕಿಗೆ ಹೋದದ್ದೂ ಉಂಟು. ಫ್ಲೋರಿಡಾದ ವಿಮಾ ನಿಯಂತ್ರಕರು 2007ರ ವರದಿಯಲ್ಲಿ, ಓದು ಮತ್ತು ಉದ್ಯೋಗ ಎರಡೂ ಆದಾಯ, ಜನಾಂಗಗಳ ಜೊತೆ ಹೆಣೆದುಕೊಂಡಿವೆ ಎಂದು ಎಚ್ಚರಿಸಿದರು. ನ್ಯೂಜೆರ್ಸಿಯ ಇಲಾಖೆ ಮರುವರ್ಷ ಈ ಅಂಶಗಳ ಬಳಕೆಯನ್ನು ಸಮರ್ಥಿಸಿತು. ಅದರ ಹಿನ್ನೆಲೆ ಹೀಗಿದೆ. ಬಿಗಿ ನಿಯಮಗಳ ಕಾಲದಲ್ಲಿ ನ್ಯೂಜೆರ್ಸಿಯಿಂದ ಕಂಪನಿಗಳು ಕಾಲ್ತೆಗೆದಿದ್ದವು. 2003ರಲ್ಲಿ ನಿಯಮ ಸಡಿಲಿಸಿದ ಮೇಲೆ ಕಂಪನಿಗಳು ಬಂದವು, ಪೈಪೋಟಿ ಬೆಳೆಯಿತು. ಒಂದು ಅಂಶವನ್ನು ಕಿತ್ತುಹಾಕಿದರೆ ಆ ಪೈಪೋಟಿಗೆ ಪೆಟ್ಟು ಬೀಳುತ್ತದೆ ಎಂಬ ಭಯ ಅಲ್ಲಿನದು. ಈ ಭಯವನ್ನು ಸುಳ್ಳು ಎಂದು ತಳ್ಳಿಹಾಕಲಾಗದು. ದರದ ಅಂಶಗಳು ಕಡಿಮೆಯಾದಂತೆ, ಅಪಾಯ ಕಡಿಮೆ ಇರುವವರು ಸ್ವಲ್ಪ ಜಾಸ್ತಿ ಕಟ್ಟುತ್ತಾರೆ. ಆದರೆ ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾಗಳಲ್ಲಿ ಕಾರು ವಿಮೆ ಇಂದಿಗೂ ಮಾರಾಟವಾಗುತ್ತಿದೆ. ನಿಷೇಧದಿಂದ ಮಾರುಕಟ್ಟೆಯೇ ಕುಸಿಯುತ್ತದೆ ಎಂಬ ಮಾತು ಅತಿಯಾಯಿತು.

ಚಾಲನೆಯನ್ನೇ ಅಳೆದರೆ?

ಊಹೆ ಬಿಟ್ಟು ನೇರವಾಗಿ ಚಾಲನೆಯನ್ನೇ ಅಳೆಯಬಾರದೇಕೆ? ಇದು ಸಹಜ ಪ್ರಶ್ನೆ. ಕಾರಿನೊಳಗೆ ಒಂದು ಪೆಟ್ಟಿಗೆ ಅಥವಾ ಫೋನಿನಲ್ಲಿ ಒಂದು ಆಪ್. ವೇಗ, ಬ್ರೇಕ್, ತಿರುವು, ದೂರ ಎಲ್ಲ ದಾಖಲಾಗುತ್ತದೆ. ಕೆಲಸ ಹೋದವರು ಕಡಿಮೆ ಓಡಿಸಿದರೆ ಕಡಿಮೆ ಕಟ್ಟುತ್ತಾರೆ. ಕೇಳಲು ನ್ಯಾಯವಾಗಿದೆ, ಬಹಳ ಮಟ್ಟಿಗೆ ಹೌದು ಕೂಡ.

ಆದರೆ ಇಂಥ ಹಲವು ಯೋಜನೆಗಳು ಯಾವ ಹೊತ್ತಿನಲ್ಲಿ ಓಡಿಸುತ್ತೀರಿ ಎಂಬುದನ್ನೂ ನೋಡುತ್ತವೆ. ಮಧ್ಯರಾತ್ರಿಯ ಚಾಲನೆಗೆ ಅಂಕ ಕಡಿಮೆ. ಆ ಹೊತ್ತಿನಲ್ಲಿ ರಸ್ತೆಯಲ್ಲಿರುವವರು ಯಾರು? ಪಾಳಿ ಮುಗಿಸಿದ ನರ್ಸ್, ಗೋದಾಮಿನ ಕೆಲಸಗಾರ, ಹೋಟೆಲಿನ ಅಡುಗೆಯವನು. ಫಾರಂನಿಂದ ತೆಗೆದ ಉದ್ಯೋಗ ಗಡಿಯಾರದ ಮೂಲಕ ಮತ್ತೆ ಲೆಕ್ಕದೊಳಗೆ ಬರುತ್ತದೆ. ಇದರಲ್ಲಿ ಒಂದು ಸಮಾಧಾನ ಮಾತ್ರ ಇದೆ. ರಾತ್ರಿ ಚಾಲನೆ ನಿಜಕ್ಕೂ ಹೆಚ್ಚು ಅಪಾಯದ್ದು, ಅಂದರೆ ಅಳತೆ ರಸ್ತೆಗೆ ಹತ್ತಿರವಾಗಿದೆ. ನಿರುದ್ಯೋಗದ ಗುಣಕಕ್ಕೆ ಆ ಮಾತು ಹೇಳಲಾಗದು. ತನ್ನ ಪ್ರತಿ ಓಡಾಟವನ್ನೂ ಕಂಪನಿಗೆ ತೋರಿಸಿದರಷ್ಟೇ ಬಡವನಿಗೆ ನ್ಯಾಯದ ದರ ಎಂದಾದರೆ, ಅದು ಇನ್ನೊಂದು ಬಗೆಯ ಬೆಲೆ ಎಂಬುದನ್ನೂ ಮರೆಯುವಂತಿಲ್ಲ.

ನಮ್ಮಲ್ಲಿ ಹೇಗಿದೆ

ಭಾರತದಲ್ಲಿ ಕಾರು ವಿಮೆಯ ಎರಡು ಭಾಗಗಳನ್ನು ಬೇರೆ ಬೇರೆ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಗೆ ದರ ಗೊತ್ತುಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲೆ 7,897. ಎಂಜಿನ್ ಗಾತ್ರವೇ ಇಲ್ಲಿ ಲೆಕ್ಕ. ಮಾಲೀಕ ಐಎಎಸ್ ಅಧಿಕಾರಿಯೋ ಕೆಲಸ ಕಳೆದುಕೊಂಡವರೋ ಎಂದು ನೋಡುವುದಿಲ್ಲ.

ನಮ್ಮ ಸ್ವಂತ ಕಾರಿನ ಹಾನಿಗೆ ಕೊಡುವ ಓನ್ ಡ್ಯಾಮೇಜ್ ವಿಮೆಯ ಕಥೆ ಬೇರೆ. ಅದರ ದರವನ್ನು 2007ರ ಜನವರಿ 1ರಿಂದ ಕಂಪನಿಗಳಿಗೇ ಬಿಡಲಾಯಿತು. ಹಳೆಯ ದರಪಟ್ಟಿಯ ಕಾಲದಲ್ಲಿ ಬೆಂಗಳೂರು ‘ಎ’ ವಲಯ, ಮೈಸೂರು, ಹುಬ್ಬಳ್ಳಿ ‘ಬಿ’ ವಲಯ. ಐದು ವರ್ಷದೊಳಗಿನ ಸಣ್ಣ ಕಾರಿಗೆ ಬೆಂಗಳೂರಿನಲ್ಲಿ ಕಾರಿನ ಬೆಲೆಯ 3.127 ಶೇಕಡ, ಮೈಸೂರಿನಲ್ಲಿ 3.039 ಶೇಕಡ. ಕಾರಿನ ಬಗೆ, ಕಾರಿನ ವಯಸ್ಸು, ಊರು ಇಷ್ಟೇ ಆ ಪಟ್ಟಿಯಲ್ಲಿದ್ದದ್ದು. ಈಗ ದರದ ಸ್ವಾತಂತ್ರ್ಯ ಇದೆ. ಹಲವು ಅರ್ಜಿಗಳಲ್ಲಿ ಉದ್ಯೋಗದ ಕಾಲಂ ಇದೆ. 2022ರ ಜುಲೈನಲ್ಲಿ ನಮ್ಮ ವಿಮಾ ನಿಯಂತ್ರಕ ಐಆರ್‌ಡಿಎಐ ‘ಓಡಿಸಿದಷ್ಟಕ್ಕೆ ಕಟ್ಟಿ’, ‘ಓಡಿಸುವ ರೀತಿಗೆ ಕಟ್ಟಿ’ ಎಂಬ ಬಗೆಯ ಯೋಜನೆಗಳಿಗೂ ಒಪ್ಪಿಗೆ ಕೊಟ್ಟಿತು. ವಾಹನ ವಿಮೆ ಆನ್‌ಲೈನ್‌ಗೆ ಬಂದಂತೆ ಗ್ರಾಹಕರ ಬಗ್ಗೆ ಕಂಪನಿಗಳ ಕೈಗೆ ಸಿಗುವ ಮಾಹಿತಿ ಬೆಳೆಯುತ್ತಿದೆ. ಬ್ರಿಟನ್, ಅಮೆರಿಕಗಳಲ್ಲಿ ನಡೆಯುತ್ತಿರುವ ಜಗಳವನ್ನು ನಾವು ಈಗಲೇ ಗಮನಿಸಲು ಇದು ಸಾಕಷ್ಟು ಕಾರಣ. ನ್ಯೂಯಾರ್ಕಿನ ಹಾಗೆ ಸಾಬೀತಿನ ಹೊಣೆಯನ್ನು ಕಂಪನಿಯ ಮೇಲೆ ಹಾಕುವ ನಿಯಮ ಬರುವುದಾದರೆ, ಪದ್ಧತಿ ಬೇರೂರುವ ಮೊದಲೇ ಬರುವುದು ಒಳ್ಳೆಯದು.

ಬ್ರಿಟನ್ನಿನಲ್ಲಿ ಕೆಲಸ ಹೋದವರು ಏನು ಮಾಡಬೇಕು

ಮೊದಲ ಮಾತು, ಸುಳ್ಳು ಬೇಡ. ದರ ಇಳಿಯುತ್ತದೆ ಎಂದು ಹಳೆಯ ಕೆಲಸದ ಹೆಸರನ್ನೇ ಉಳಿಸಿಕೊಂಡು ಹೊಸ ಪಾಲಿಸಿ ತೆಗೆದುಕೊಳ್ಳುವವರಿದ್ದಾರೆ. 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ, ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ ಕಂಪನಿ ಪಾಲಿಸಿಯನ್ನೇ ಇಲ್ಲವಾಗಿಸಬಹುದು, ಕಟ್ಟಿದ ಹಣವನ್ನೂ ಇಟ್ಟುಕೊಳ್ಳಬಹುದು. ಅಜಾಗರೂಕತೆಯಿಂದ ತಪ್ಪಾದರೆ ಶಿಕ್ಷೆ ಕಡಿಮೆ. ಸರಿಯಾದ ಮಾಹಿತಿಗೆ 1000 ಪೌಂಡ್ ದರ ಆಗಬೇಕಿತ್ತು, ನೀವು 800 ಕಟ್ಟಿದ್ದೀರಿ ಎಂದಾದರೆ, ಕ್ಲೇಮಿನ 80 ಶೇಕಡ ಮಾತ್ರ ಸಿಗಬಹುದು. ದೊಡ್ಡ ಅಪಘಾತದಲ್ಲಿ ಉಳಿದ 20 ಶೇಕಡವೇ ಭಾರಿ ಮೊತ್ತ.

ಆದರೆ ನಿಜ ಹೇಳುವುದರೊಳಗೂ ಆಯ್ಕೆ ಇರುತ್ತದೆ. ನೋಟಿಸ್ ಅವಧಿಯಲ್ಲಿರುವವರು ಕೊನೆಯ ದಿನದವರೆಗೂ ನೌಕರರೇ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೇ ಮುಖ್ಯ ಕೆಲಸವಾಗಿದ್ದರೆ, ಮನೆ ನೋಡಿಕೊಳ್ಳುವವರು ಎಂಬ ವಿವರಣೆ ಸುಳ್ಳಲ್ಲ. ಸ್ವಂತವಾಗಿ ಸಣ್ಣ ಕೆಲಸ ಮಾಡಿ ಗಳಿಸುತ್ತಿದ್ದರೆ ಸ್ವಂತ ಉದ್ಯೋಗ ಎನ್ನಬಹುದು. ಯಾರಾದರೂ ಕೇಳಿದರೆ ತೋರಿಸಲು ಸಾಧ್ಯವಿರುವ ವಿವರವನ್ನು ಮಾತ್ರ ಆರಿಸಬೇಕು.

ಪಾಲಿಸಿಯ ಮಧ್ಯದಲ್ಲಿ ಕೆಲಸ ಹೋದರೆ ದಾಖಲೆಯಲ್ಲಿ ಏನಿದೆ ನೋಡಿ. ಉದ್ಯೋಗ ಬದಲಾದರೆ ತಿಳಿಸಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ತಿಳಿಸುವಾಗ ಉಳಿದದ್ದನ್ನೂ ಹೇಳಿ. ಕೆಲಸಕ್ಕೆ ಹೋಗಿಬರುವ ಬಳಕೆಯನ್ನು ತೆಗೆಸಿ ಸ್ವಂತ ಓಡಾಟಕ್ಕೆ ಮಾತ್ರ ಎಂದು ಬದಲಾಯಿಸಬಹುದು. ವರ್ಷದ ಮೈಲುಗಳ ಅಂದಾಜನ್ನು ಇಳಿಸಬಹುದು. ಉದ್ಯೋಗದ ಗುಣಕ ಏರಿಸಿದ್ದರಲ್ಲಿ ಒಂದಿಷ್ಟನ್ನು ಇವು ಇಳಿಸಬಹುದು. ಕೆಲಸ ಇಲ್ಲದ್ದಕ್ಕೆ ದರ ಏರಿಸಿ, ಓಡಾಟ ಕಡಿಮೆಯಾದದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಲಿಖಿತವಾಗಿ ಕಾರಣ ಕೇಳಿ. ಉತ್ತರ ಸರಿ ಬರದಿದ್ದರೆ ಹಣಕಾಸು ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ.

ದುಬಾರಿ ಅಂತ ವಿಮೆಯನ್ನೇ ನಿಲ್ಲಿಸಿ ಕಾರನ್ನು ಮನೆ ಮುಂದೆ ನಿಲ್ಲಿಸುವುದು ಮಾತ್ರ ಬೇಡ. ಬ್ರಿಟನ್ನಿನಲ್ಲಿ 2011ರಿಂದ, ಓಡಿಸದಿದ್ದರೂ ಕಾರಿಗೆ ವಿಮೆ ಇರಲೇಬೇಕು. ಇಲ್ಲದಿದ್ದರೆ 100 ಪೌಂಡ್ ದಂಡ. ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸನ್ಸಿಗೆ 6 ಅಂಕ. ಆ ಅಂಕಗಳು ಮುಂದಿನ ಹಲವು ವರ್ಷಗಳ ದರವನ್ನು ಏರಿಸುತ್ತವೆ. ಕೆಲವು ತಿಂಗಳು ಕಾರು ಬೇಡವೇ ಬೇಡ ಎಂದಾದರೆ, ಅದನ್ನು ರಸ್ತೆಯಿಂದ ತೆಗೆದು ಸ್ವಂತ ಜಾಗದಲ್ಲಿ ನಿಲ್ಲಿಸಿ, ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎ ಇಲಾಖೆಗೆ ‘ಸೋರ್ನ್’, ಅಂದರೆ ಕಾರು ರಸ್ತೆಯಲ್ಲಿಲ್ಲ ಎಂಬ ಘೋಷಣೆ ಕೊಡಬೇಕು. ಆಗ ವಿಮೆ ಇಲ್ಲದಿದ್ದರೂ ನಡೆಯುತ್ತದೆ. ಆ ಘೋಷಣೆಗೆ ಹಣ ಕಟ್ಟಬೇಕಿಲ್ಲ, ವಾಹನ ತೆರಿಗೆಯ ಉಳಿದ ಪೂರ್ತಿ ತಿಂಗಳುಗಳ ಹಣವೂ ವಾಪಸ್ ಬರುತ್ತದೆ.